ತಗಡಿನ ಕೆಳಗೆ ಇಲಿ ಸೇರಿದರೆ: ಮೊದಲು ಬೋನು, ಆಮೇಲೆ ಸಿಮೆಂಟ್

ಕಳೆದ ಏಪ್ರಿಲ್‌ನಲ್ಲಿ ನಮ್ಮ ಮನೆಯಲ್ಲಿ ಒಂದು ದೊಡ್ಡ ತಪ್ಪಾಯಿತು. ನಮ್ಮದು ಕಲಬುರಗಿಯ ಬ್ರಹ್ಮಪುರದ ಕಡೆ ಹಳೇ ಮನೆ. ಮುಂದಿನ ಭಾಗ ಸ್ಲ್ಯಾಬ್, ಹಿಂದಿನ ಅಡುಗೆ ಮನೆಗೆ ತಗಡು. ತಗಡಿನ ಕೆಳಗೆ ಸೀಲಿಂಗ್ ಹಾಕಿಸಿದ್ದೇವೆ. ಎರಡರ ನಡುವೆ ಒಂದು ಮೊಳ ಖಾಲಿ ಜಾಗ. ಅಲ್ಲಿ ಇಲಿ ಸೇರಿಕೊಂಡವು. ರಾತ್ರಿಯೆಲ್ಲ ಓಡಾಟ, ಯಾರಿಗೂ ನಿದ್ದೆ ಇಲ್ಲ. ಬೇಸತ್ತು ಒಂದು ಭಾನುವಾರ ಗೋಡೆಗೂ ತಗಡಿಗೂ ನಡುವಿನ ಸಂದಿಯನ್ನೆಲ್ಲ ಸಿಮೆಂಟ್ ಹಾಕಿ ಮುಚ್ಚಿಸಿಬಿಟ್ಟೆವು.

ಎರಡು ದಿನ ಸದ್ದು ಜಾಸ್ತಿಯಾಯಿತು. ಆಮೇಲೆ ನಿಂತಿತು. ಐದನೇ ದಿನ ವಾಸನೆ ಶುರು. ನಮ್ಮ ಕಡೆಯ ಏಪ್ರಿಲ್ ಬಿಸಿಲು ಗೊತ್ತಲ್ಲ, ತಗಡಿನ ಕೆಳಗಿನ ಜಾಗ ಅಂದರೆ ಒಲೆಯ ಒಳಗಿದ್ದಂತೆ. ಅಡುಗೆ ಮನೆಯಲ್ಲಿ ನಿಲ್ಲೋಕೇ ಆಗಲಿಲ್ಲ. ಕೊನೆಗೆ ಎರಡು ತಗಡು ಬಿಚ್ಚಿಸಿದೆವು. ಮೂಲೆಯಲ್ಲಿ ಒಂದು ಗೂಡಿತ್ತು. ಕೂಲರಿನ ಹುಲ್ಲು, ತೊಗರಿ ಹೊಟ್ಟು, ಅಕ್ಕಿ ಚೀಲದ ದಾರ, ಮಗಳು ಶಾಲೆಗೆ ಹಾಕಿಕೊಳ್ಳುವ ನೀಲಿ ರಿಬ್ಬನ್ನಿನ ತುಂಡು, ಎಲ್ಲ ಸೇರಿಸಿ ಬಟ್ಟಲಿನ ಹಾಗೆ ಕಟ್ಟಿತ್ತು. ಅದರೊಳಗೆ ತಾಯಿ, ಅದರ ಹೊಟ್ಟೆಗೆ ಅಂಟಿಕೊಂಡು ಐದು ಮರಿ. ಎಲ್ಲವೂ ಸತ್ತಿದ್ದವು.

ಎರಡನೇ ಸಲ ಕೆಲಸಕ್ಕೆ ಬಂದ ಹಿರಿಯ ಗೌಂಡಿ ಕಾಕಾ ಅದನ್ನು ನೋಡಿ ಒಂದೇ ಮಾತು ಹೇಳಿದರು: "ತಂಗಿ, ಮೊದ್ಲ ಒಳಗಿನವು ಹಿಡೀಬೇಕ್, ಆಮ್ಯಾಲ ಬಾಗ್ಲಾ ಹಾಕ್ಬೇಕ್. ನೀವು ಉಲ್ಟಾ ಮಾಡೀರಿ." ಈ ಲೇಖನ ಆ ಮಾತಿನ ಮೇಲೇ ನಿಂತಿದೆ. ಇಲಿ ಕೊಲ್ಲುವುದಕ್ಕಿಂತ ಅದು ಹತ್ತಿ ಬರುವ ದಾರಿ ಮುಚ್ಚುವುದು ಮುಖ್ಯ. ಆದರೆ ಕೆಲಸದ ಕ್ರಮ ತಪ್ಪಬಾರದು.

ಇಲಿಯೇ ಹೌದಾ?

ಹಗಲು ಹೊತ್ತು ಸದ್ದಾದರೆ ಹೆಚ್ಚಾಗಿ ಅಳಿಲು ಅಥವಾ ಗುಬ್ಬಿ. ಕತ್ತಲಾದ ಮೇಲೆ ಶುರುವಾಗಿ ಬೆಳಗಿನ ಜಾವಕ್ಕೆ ನಿಂತರೆ ಇಲಿ. ಮಾಳಿಗೆ ಹತ್ತುವ ಇಲಿಗೆ ಮೈಗಿಂತ ಬಾಲ ಉದ್ದ, ಕಿವಿ ದೊಡ್ಡದು. ಅದರ ಹಿಕ್ಕೆ ಸುಮಾರು ಅರ್ಧ ಇಂಚು ಇರುತ್ತದೆ, ಎರಡೂ ತುದಿ ಚೂಪು. ಅಕ್ಕಿ ಕಾಳಿಗಿಂತ ಸಣ್ಣ ಹಿಕ್ಕೆ ಕಂಡರೆ ಅದು ಚಿಕ್ಕ ಇಲಿ. ಹೆಗ್ಗಣದ ವಾಸ ನೆಲದಲ್ಲಿ, ಬಿಲದ ಬಾಯಿಗೆ ಮಣ್ಣು ಗುಡ್ಡೆ ಹಾಕಿರುತ್ತದೆ. ಮೂತಿ ಉದ್ದ ಇದ್ದು ಗಬ್ಬು ನಾರುವ ಸೊಂಡಿಲಿ ಗೋಡೆ ಬುಡದಲ್ಲಿ ಹುಳ ಹುಡುಕಿಕೊಂಡು ಓಡಾಡುತ್ತದೆ, ಅದನ್ನು ಬಿಟ್ಟುಬಿಡಿ.

ಮೇಲೆ ಹತ್ತಿ ನೋಡಿ

ಬೆಳಿಗ್ಗೆ ಆರೂವರೆ ಏಳರೊಳಗೆ ಹತ್ತಿ. ತಗಡು ಕಾದ ಮೇಲೆ ಕಾಲಿಡಲು ಆಗುವುದಿಲ್ಲ. ಒಬ್ಬರೇ ಹೋಗಬೇಡಿ, ಏಣಿ ಹಿಡಿಯಲು ಇನ್ನೊಬ್ಬರು ಇರಲಿ. ತಗಡಿನ ನಡುವೆ ಕಾಲಿಡಬೇಡಿ, ಸ್ಕ್ರೂ ಸಾಲು ಇರುವ ಕಡೆ ಕೆಳಗೆ ಪೈಪು ಅಥವಾ ಜಂತಿ ಇರುತ್ತದೆ, ಅದರ ಮೇಲೇ ನಡೆಯಿರಿ. ಹಳೇ ಸಿಮೆಂಟ್ ಶೀಟಾದರೆ ಹತ್ತಲೇಬೇಡಿ, ಅದು ಮುರಿಯುತ್ತದೆ. ಏಣಿ ಮೇಲಿಂದ ನೋಡಿದರೆ ಸಾಕು.

ಏನು ಹುಡುಕಬೇಕು? ಇಲಿ ಯಾವಾಗಲೂ ಒಂದೇ ದಾರಿಯಲ್ಲಿ ಓಡಾಡುತ್ತದೆ. ಅದರ ಮೈಯ ಜಿಡ್ಡು, ಕೊಳೆ ಹತ್ತಿ ಆ ದಾರಿ ಕಪ್ಪಗಾಗುತ್ತದೆ. ನಮ್ಮ ಮನೆಯ ಜಂತಿಯ ಅಂಚಿನಲ್ಲಿ ಎರಡು ಬೆರಳು ಅಗಲದ ಕಪ್ಪು ಪಟ್ಟೆ ಇತ್ತು. ಕಡ್ಡಿಯಿಂದ ಕೆರೆದರೆ ಮೇಣದ ಹಾಗೆ ಏಳುತ್ತಿತ್ತು. ಆ ಪಟ್ಟೆ ಹಿಡಿದು ಹೋದರೆ ತೂತು ಸಿಕ್ಕೇ ಸಿಗುತ್ತದೆ. ಅರ್ಧ ಇಂಚಿನ ಸಂದಿಯಲ್ಲೂ ಇಲಿ ನುಗ್ಗುತ್ತದೆ. ಚಿಕ್ಕ ಇಲಿಗೆ ಕಾಲು ಇಂಚು ಸಾಕು. ಅಂದರೆ ಪೆನ್ಸಿಲ್ ತೂರುವ ತೂತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಆಮೇಲೆ ಅದು ಮೇಲೆ ಹತ್ತುವುದು ಹೇಗೆ ಅಂತ ನೋಡಿ. ಬೇವಿನ ಕೊಂಬೆ ಮಾಳಿಗೆಗೆ ತಾಗಿದೆಯಾ? ಟ್ಯಾಂಕಿಯಿಂದ ಇಳಿಯುವ ಪೈಪು? ಹಳೇ ಡಿಶ್ ಕೇಬಲ್, ಇಂಟರ್ನೆಟ್ ಕೇಬಲ್? ನಮ್ಮ ಓಣಿಗಳಲ್ಲಿ ಕನೆಕ್ಷನ್ ಬಿಟ್ಟು ವರ್ಷಗಳಾದರೂ ವೈರು ಮನೆಯಿಂದ ಮನೆಗೆ ಹಾಗೇ ಜೋತಾಡುತ್ತಿರುತ್ತದೆ. ಇಲಿಗೆ ಅದು ರಸ್ತೆ. ಕೊಂಬೆಯನ್ನು ಮಾಳಿಗೆಯಿಂದ ಕನಿಷ್ಠ ನಾಲ್ಕು ಅಡಿ ದೂರಕ್ಕೆ ಕಡಿಸಿ. ಸತ್ತ ಕೇಬಲ್‌ಗಳನ್ನು ಆಯಾ ಕೇಬಲ್‌ನವರಿಗೆ ಹೇಳಿ ತೆಗೆಸಿ. ಕಂಬದಿಂದ ಬರುವ ಕರೆಂಟಿನ ವೈರಿಗೆ ಮಾತ್ರ ಕೈ ಹಾಕಬೇಡಿ. ಅದು ಕಡಿದಂತೆ ಕಂಡರೆ ನಮ್ಮ ಕಡೆಯ ಕರೆಂಟ್ ಕಂಪನಿ ಜೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಮೇಲಿನ ಸಾಮಾನು ಇಳಿಸಿ

ನಮ್ಮ ಜಿಲ್ಲೆಗಳಲ್ಲಿ ಇಲಿಗೆ ನಾವೇ ಮನೆ ಕಟ್ಟಿಕೊಡುತ್ತೇವೆ. ಮಾಳಿಗೆ ಮೇಲೆ ತೊಗರಿ ಕಟ್ಟಿಗೆ ಒಟ್ಟುತ್ತೇವೆ. ಮಳೆಗಾಲ ಬಂತು ಅಂದರೆ ಕೂಲರನ್ನು ಹುಲ್ಲಿನ ಸಮೇತ ಮೂಲೆಗೆ ತಳ್ಳಿ ಮೇಲೊಂದು ಗೋಣಿ ಹೊದಿಸುತ್ತೇವೆ. ಬೆಚ್ಚಗಿನ ಡಬ್ಬಿ, ಒಳಗೆ ಒಣ ಹುಲ್ಲು. ಇಲಿಗೆ ಇನ್ನೇನು ಬೇಕು? ಕೂಲರ್ ಎತ್ತಿಡುವ ಮೊದಲು ಹುಲ್ಲು ತೆಗೆದು ಬಿಸಾಕಿ. ಮುಂದಿನ ಬೇಸಿಗೆಗೆ ಹೇಗೂ ಹೊಸದು ಹಾಕಿಸುತ್ತೀರಿ.

ತೊಗರಿ ಕಟ್ಟಿಗೆ ಇಡಲೇಬೇಕು ಅಂದರೆ ಗೋಡೆಗೆ ಒರಗಿಸಬೇಡಿ. ಒಂದೂವರೆ ಅಡಿ ದೂರ, ಕಲ್ಲಿನ ಮೇಲೆ ಎತ್ತರಿಸಿ ಒಟ್ಟಿ. ಹಳೇ ಒಟ್ಟಿಲು ಬಿಚ್ಚುವಾಗ ಕೈ ಹಾಕಿ ಎಳೆಯಬೇಡಿ, ಉದ್ದನೆ ಕೋಲಿನಿಂದ ಒಂದೊಂದೇ ಸರಿಸಿ. ಇಲಿ ಇದ್ದ ಕಡೆ ಹಾವು ಬರುತ್ತದೆ. ಬಂದಿದ್ದು ಕೇರೆ ಹಾವೇ ಆಗಿರಬೇಕು ಅಂತೇನಿಲ್ಲ.

ಹಕ್ಕಿಗೆ ಜೋಳ ಹಾಕಿ ನೀರಿಡುವವರು ಅದನ್ನು ಬಿಡಬೇಡಿ, ಒಳ್ಳೆಯ ಕೆಲಸ. ಬೆಳಿಗ್ಗೆ ಹಾಕಿ, ಹೊತ್ತು ಮುಳುಗುವ ಮೊದಲು ಉಳಿದಿದ್ದನ್ನು ಗುಡಿಸಿ. ಒಣಗಲು ಹಾಕಿದ ಶೇಂಗಾ, ಸಂಡಿಗೆ, ಕುಸುಬಿಯನ್ನು ರಾತ್ರಿ ಮಾಳಿಗೆ ಮೇಲೆ ಬಿಡಬೇಡಿ. ಬೇಸಿಗೆಯಲ್ಲಿ ನೀರಿನ ಕಡೆಗೂ ಗಮನ ಇರಲಿ. ಬಾಯಾರಿದ ಇಲಿ ಪ್ಲಾಸ್ಟಿಕ್ ಪೈಪನ್ನೇ ಕಡಿಯುತ್ತದೆ. ಸೋರುವ ನಲ್ಲಿ, ತುಂಬಿ ಹರಿಯುವ ಟ್ಯಾಂಕಿ ಸರಿಮಾಡಿಸಿ, ಟ್ಯಾಂಕಿಯ ಮುಚ್ಚಳ ಬಿಗಿಯಾಗಿ ಕೂರುತ್ತದಾ ನೋಡಿ. ಇಲಿಯ ಉಚ್ಚೆ ನೀರಿಗೆ ಸೇರಿದರೆ ಇಲಿ ಜ್ವರ ಬರಬಹುದು.

ಈಗ ಬೋನು

ಇಲ್ಲಿ ಅವಸರ ಮಾಡಬೇಡಿ. ಇಲಿಗೆ ಹೊಸ ವಸ್ತು ಕಂಡರೆ ಭಯ. ನಿನ್ನೆ ಇಲ್ಲದ ಬೋನು ಇವತ್ತು ದಾರಿಯಲ್ಲಿದ್ದರೆ ಸುತ್ತಿ ಹೋಗುತ್ತದೆ. "ನಮ್ಮನೆ ಇಲಿ ಬೋನಿಗೆ ಬೀಳಲ್ಲ, ಬಹಳ ಶಾಣ್ಯಾ ಅದ" ಅಂತ ಹೇಳುವವರು ಮೊದಲ ರಾತ್ರಿಯೇ ಬೋನು ಬಿಗಿದವರು. ಮೂರು ನಾಲ್ಕು ರಾತ್ರಿ ಬೋನಿನ ಬಾಗಿಲನ್ನು ತಂತಿಯಿಂದ ಕಟ್ಟಿ ತೆರೆದೇ ಇಡಿ. ಒಳಗೆ ತಿನ್ನಲು ಹಾಕಿ. ಆರಾಮಾಗಿ ಬಂದು ತಿಂದು ಹೋಗಲಿ. ತಿಂಡಿ ಖಾಲಿಯಾಗತೊಡಗಿದ ಮೇಲೆ ತಂತಿ ಬಿಚ್ಚಿ ಬಿಗಿಯಿರಿ.

ಒಂದು ಬೋನಿನಿಂದ ಆಗುವುದಿಲ್ಲ. ಇಲಿ ಮೂರು ವಾರಕ್ಕೆ ಮರಿ ಹಾಕುತ್ತದೆ, ಒಂದು ಸೂಲಿಗೆ ಐದಾರು ಏಳೆಂಟು. ಆ ಮರಿಗಳು ಮೂರು ತಿಂಗಳ ಹೊತ್ತಿಗೆ ತಾವೂ ಮರಿ ಹಾಕಲು ತಯಾರು. ವಾರಕ್ಕೊಂದು ಹಿಡಿದರೆ ಲೆಕ್ಕ ಮುಗಿಯುವುದೇ ಇಲ್ಲ. ಆರೇಳು ಬೋನು ಒಟ್ಟಿಗೆ ಇಡಿ. ಅಕ್ಕಪಕ್ಕದವರಿಂದ ಸಾಲ ತನ್ನಿ, ಅವರಿಗೂ ಇದೇ ಕಾಟ ಇರುತ್ತದೆ.

ತಿಂಡಿ ಯಾವುದು? ತೊಗರಿ ಚೀಲ ಇರುವ ಮನೆಯಲ್ಲಿ ತೊಗರಿ ಇಟ್ಟರೆ ಇಲಿ ತಿರುಗಿ ನೋಡುವುದಿಲ್ಲ, ಹೊಟ್ಟೆ ತುಂಬಿರುತ್ತದೆ. ಬೇರೆ ರುಚಿ ಕೊಡಬೇಕು. ಶೇಂಗಾ ಮತ್ತು ಬೆಲ್ಲ ಕುಟ್ಟಿದ ಉಂಡೆ ನಮ್ಮಲ್ಲಿ ಚೆನ್ನಾಗಿ ನಡೆಯಿತು. ಬೆಂಕಿಗೆ ಹಿಡಿದು ಸ್ವಲ್ಪ ಸುಟ್ಟ ಒಣಕೊಬ್ಬರಿ, ಎಣ್ಣೆ ಕುಡಿದ ಮಿರ್ಚಿ ಭಜಿಯ ತುಂಡು ಕೂಡ ಆಗುತ್ತದೆ. ಕೊಬ್ಬರಿಯನ್ನು ದಾರದಿಂದ ಕೊಕ್ಕೆಗೆ ಕಟ್ಟಿ, ಇಲ್ಲದಿದ್ದರೆ ಎತ್ತಿಕೊಂಡು ಹೋಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಬೋನಿನೊಳಗೆ ಒಂದು ಸಣ್ಣ ಮುಚ್ಚಳದಲ್ಲಿ ನೀರಿಟ್ಟರೂ ಬರುತ್ತದೆ.

ಜಾಗ ಅಂದರೆ ಆ ಕಪ್ಪು ಪಟ್ಟೆಯ ದಾರಿ. ಪಟ್ಟನೆ ಬಡಿಯುವ ಹಲಗೆ ಬೋನಾದರೆ ಗೋಡೆಗೆ ಅಡ್ಡವಾಗಿ ಇಡಿ, ತಿಂಡಿ ಇರುವ ತುದಿ ಗೋಡೆ ಕಡೆಗೆ. ಜಂತಿ ಮೇಲೆ ಇಡುವುದಾದರೆ ತಂತಿಯಿಂದ ಬಿಗಿದು ಕಟ್ಟಿ, ಬೋನು ಯಾರ ತಲೆಯ ಮೇಲೂ ಬೀಳಬಾರದು. ಹೊತ್ತು ಮುಳುಗಿದ ಮೇಲೆ ಬಿಗಿಯಿರಿ, ಬೆಳಗಾಗುತ್ತಲೇ ಮುಚ್ಚಿ. ಹಗಲು ಬಿಟ್ಟರೆ ಅಳಿಲು, ಗುಬ್ಬಿ ಸಿಕ್ಕಿಬೀಳುತ್ತವೆ. ಪಂಜರದ ಬೋನನ್ನು ಬೆಳಿಗ್ಗೆ ನೋಡದೇ ಬಿಟ್ಟರೆ ಒಳಗಿನ ಇಲಿ ಮಧ್ಯಾಹ್ನದೊಳಗೆ ಬಿಸಿಲಿಗೆ ಬೆಂದು ಸಾಯುತ್ತದೆ. ಆ ಹಿಂಸೆ ಬೇಡ.

ಗಣಪತಿಯ ವಾಹನ, ಕೊಲ್ಲಬಾರದು ಅನ್ನುವವರು ನಮ್ಮ ಮನೆಯಲ್ಲೂ ಇದ್ದಾರೆ. ನಮ್ಮ ಅತ್ತೆಯವರಿಗೆ ಬಡಿಯುವ ಬೋನು ಕಂಡರೆ ಆಗುವುದಿಲ್ಲ. ಅವರ ಮನಸ್ಸನ್ನು ನಾನು ಗೌರವಿಸುತ್ತೇನೆ. ಪಂಜರದಲ್ಲಿ ಹಿಡಿದು ಬಿಡುವುದಾದರೆ ದೂರ ಹೋಗಿ ಬಿಡಿ. ಹತ್ತಿರ ಬಿಟ್ಟರೆ ದಾರಿ ಹುಡುಕಿಕೊಂಡು ವಾಪಸ್ ಬರುತ್ತದೆ. ಬೇರೆಯವರ ಹೊಲ, ಕಣ, ಗಂಜಿನ (ಕಾಳಿನ ಮಾರುಕಟ್ಟೆಯ) ದಾಲ್ ಮಿಲ್ಲುಗಳ ಹತ್ತಿರ ಬಿಡಬೇಡಿ. ಆದರೆ ನಿಜವಾಗಿ ಜೀವ ಉಳಿಸುವುದು ಮುಂದಿನ ಕೆಲಸ. ದಾರಿ ಮುಚ್ಚಿದ ಮನೆಯಲ್ಲಿ ಯಾವ ಇಲಿಯನ್ನೂ ಹಿಡಿಯಬೇಕಾಗುವುದಿಲ್ಲ.

ಅಂಟಿನ ಹಲಗೆ ತರಬೇಡಿ. ಇಲಿ ಗಂಟೆಗಟ್ಟಲೆ ಒದ್ದಾಡಿ ಸಾಯುತ್ತದೆ, ಹಲ್ಲಿ, ಗುಬ್ಬಿ ಮರಿ ಕೂಡ ಅಂಟುತ್ತವೆ. ನಮ್ಮ ಧೂಳಿಗೆ ಅದು ಬಹಳ ದಿನ ಅಂಟಾಗಿ ಉಳಿಯುವುದೂ ಇಲ್ಲ. ಸದ್ದು ಮಾಡಿ ಓಡಿಸುವ ಪ್ಲಗ್ ಯಂತ್ರಕ್ಕೂ ದುಡ್ಡು ಹಾಕಬೇಡಿ. ಇಲಿ ಸ್ವಲ್ಪ ದಿನದಲ್ಲಿ ಅದಕ್ಕೆ ಹೊಂದಿಕೊಳ್ಳುತ್ತದೆ.

ಒಳಗೆ ಖಾಲಿಯಾಗಿದೆ ಅಂತ ಗೊತ್ತಾಗುವುದು ಹೇಗೆ?

ಗೌಂಡಿ ಕಾಕಾ ಹೇಳಿಕೊಟ್ಟ ಉಪಾಯ ಇದು. ಸಿಕ್ಕ ಪ್ರತಿ ತೂತಿಗೂ ಹಳೇ ಪೇಪರ್ ಮುದ್ದೆ ಮಾಡಿ ತುರುಕಿ. ಬೆಳಿಗ್ಗೆ ನೋಡಿ. ಪೇಪರ್ ಹೊರಗೆ ಬಿದ್ದಿದ್ದರೆ, ಕಡಿದಿದ್ದರೆ ಆ ದಾರಿ ಇನ್ನೂ ನಡೆಯುತ್ತಿದೆ. ಒಂದು ವಾರ ಎಲ್ಲ ಪೇಪರೂ ಹಾಗೇ ಇದ್ದು, ಬೋನಿನ ತಿಂಡಿ ಮುಟ್ಟದೇ ಇದ್ದು, ಸದ್ದೂ ಇಲ್ಲದಿದ್ದರೆ ಮುಚ್ಚಬಹುದು. ಮೊಲೆ ಊದಿದ ಹೆಣ್ಣಿಲಿ ಬೋನಿಗೆ ಬಿದ್ದರೆ ಮಾತ್ರ ಎಚ್ಚರ, ಒಳಗೆಲ್ಲೋ ಮರಿಗಳಿವೆ. ಗೂಡು ಹುಡುಕಿ ತೆಗೆದ ಮೇಲೇ ಮುಂದಿನ ಕೆಲಸ.

ಮುಚ್ಚುವ ಕೆಲಸ

ಬರೀ ಸಿಮೆಂಟ್ ತಗಡಿನ ಕೆಳಗೆ ನಿಲ್ಲುವುದಿಲ್ಲ. ತಗಡು ಹಗಲು ಕಾದು ಹಿಗ್ಗುತ್ತದೆ, ರಾತ್ರಿ ತಣ್ಣಗಾಗಿ ಕುಗ್ಗುತ್ತದೆ. ಒಂದೇ ಬೇಸಿಗೆಗೆ ಸಿಮೆಂಟ್ ಬಿರುಕು ಬಿಡುತ್ತದೆ. ಬಿರುಕಿಗೆ ಇಲಿ ಹಲ್ಲು ಹಾಕುತ್ತದೆ. ಅದರ ಮುಂದಿನ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ, ಕಡಿದು ಸವೆಸದೇ ಅದಕ್ಕೆ ಗತಿಯಿಲ್ಲ.

ಮೊದಲು ಜಾಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲು ಇಂಚಿನ ಕಣ್ಣಿನ ಜಿಐ ಜಾಲಿ ಕೇಳಿ, ಕೈಯಲ್ಲಿ ಬಗ್ಗಿಸಿದರೆ ಗಟ್ಟಿ ಅನ್ನಿಸಬೇಕು. ಕೋಳಿ ಜಾಲಿ ಬೇಡ, ಅದರ ಕಣ್ಣು ದೊಡ್ಡದು. ಸೊಳ್ಳೆ ಪರದೆಯ ಪ್ಲಾಸ್ಟಿಕ್ ಜಾಲಿ ಒಂದು ರಾತ್ರಿಗೂ ತಾಳುವುದಿಲ್ಲ. ಜಾಲಿಯನ್ನು ನಾಲ್ಕೈದು ಇಂಚು ಅಗಲದ ಪಟ್ಟಿ ಕತ್ತರಿಸಿ ತಗಡಿನ ಅಲೆಯ ಕೆಳಗೆ ಒತ್ತಿ ತುಂಬಿಸಿ. ಪ್ರತಿ ಅಲೆಯ ಬಾಯಿಗೂ ಸೇರಬೇಕು. ಗೋಡೆ ಕಡೆಯ ಅಂಚನ್ನು ಮೊಳೆಯಿಂದ ಬಿಗಿದು, ಅದರ ಮೇಲೆ ಒಂದಕ್ಕೆ ಮೂರು ಪಾಲು ಮರಳಿನ ಸಿಮೆಂಟ್ ಹಚ್ಚಿಸಿ. ಆಗ ಸಿಮೆಂಟ್ ಬಿರಿದರೂ ಜಾಲಿ ತಡೆಯುತ್ತದೆ. ಕೈಗೆ ದಪ್ಪ ಕೈಗವಸು ಇರಲಿ, ಕತ್ತರಿಸಿದ ಜಾಲಿಯ ತುದಿ ಬ್ಲೇಡಿನ ಹಾಗೆ. ಸಿಮೆಂಟ್‌ಗೆ ಮೂರು ದಿನ ನೀರು ಹೊಡೆಯುವುದನ್ನು ಮರೆಯಬೇಡಿ.

ಸಣ್ಣ ತೂತಿಗೆ ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ಬಿಗಿಯಾಗಿ ತುರುಕಿ ಮೇಲೆ ಸಿಮೆಂಟ್ ಒತ್ತಿ. ಎಸಿ ಪೈಪು, ಸೋಲಾರ್ ಪೈಪು, ವೈರು ಒಳಗೆ ಬರುವ ತೂತುಗಳನ್ನು ಯಾರೂ ನೋಡುವುದಿಲ್ಲ. ಕೆಲಸದವರು ದೊಡ್ಡ ತೂತು ಕೊರೆದು ಸಣ್ಣ ಪೈಪು ಹಾಕಿ ಹೋಗಿರುತ್ತಾರೆ. ಸ್ಪ್ರೇ ಫೋಮ್ ಒಂದರಿಂದಲೇ ಮುಚ್ಚಬೇಡಿ, ಇಲಿ ಅದನ್ನು ಕಡಿದು ಹಾಕುತ್ತದೆ.

ಫರಸಿ ಹಾಸಿದ ಹಳೇ ಮಾಳಿಗೆಯಾದರೆ ಕಲ್ಲು ಕಲ್ಲಿನ ನಡುವಿನ ಸಂದಿ ಮತ್ತು ಜಂತಿಯ ತುದಿ ಗೋಡೆಯೊಳಗೆ ಹೋಗುವ ಜಾಗ ನೋಡಿ. ಮಣ್ಣಿನ ಮಾಳಿಗೆಯಲ್ಲಿ ಬೆಳಕಿಂಡಿಗೂ ಜಾಲಿ ಹಾಕಿಸಬೇಕು. ಮಳೆನೀರು ಇಳಿಯುವ ಪೈಪಿನ ಬಾಯಿಗೆ ಜಾಲಿಯನ್ನು ಬುಟ್ಟಿಯ ಹಾಗೆ ಉಬ್ಬಿಸಿ ಕೂರಿಸಿ. ಚಪ್ಪಟೆ ಹಾಕಿದರೆ ಬೇವಿನ ಎಲೆ ಕಟ್ಟಿ ಮಾಳಿಗೆ ಮೇಲೆ ನೀರು ನಿಲ್ಲುತ್ತದೆ. ಗೋಡೆ ಹೊರಗಿನ ಪೈಪಿಗೆ ನೆಲದಿಂದ ಐದಾರು ಅಡಿ ಎತ್ತರದಲ್ಲಿ ಒಂದು ತಗಡಿನ ತಟ್ಟೆ ತೊಡಿಸಿ. ಸುತ್ತಲೂ ಒಂದು ಅಡಿ ಚಾಚಿರಬೇಕು, ಗೋಡೆ ಕಡೆ ಸಂದಿ ಇರಬಾರದು. ಪೈಪು ಹಿಡಿದು ಹತ್ತಿದ ಇಲಿ ಅದನ್ನು ದಾಟಲಾರದು.

ವಿಷದ ಬಗ್ಗೆ, ದಯವಿಟ್ಟು ಓದಿ

ಕಾಳಿನ ಚೀಲಕ್ಕೆ ಹುಳ ಬಾರದಿರಲಿ ಅಂತ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮನೆಯೊಳಗೆ, ಸೀಲಿಂಗ್ ಮೇಲೆ, ಇಲಿ ಬಿಲಕ್ಕೆ ಯಾವ ಕಾರಣಕ್ಕೂ ಹಾಕಬೇಡಿ. ತೊಗರಿ ಬೆಳೆಯುವ ನಮ್ಮ ಕಡೆ ಅದು ಕೈಗೆ ಸಿಗುತ್ತದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ವಿಷದ ಗಾಳಿ ಹೊರಡುತ್ತದೆ. ಅದು ಸಂದಿಯಲ್ಲಿ ಇಳಿದು ಮಲಗಿದವರನ್ನು ಕೊಲ್ಲುತ್ತದೆ. ಅದಕ್ಕೆ ಪ್ರತಿ ಮದ್ದಿಲ್ಲ.

ಟ್ಯೂಬಿನಲ್ಲಿ ಬರುವ ಇಲಿ ಪೇಸ್ಟ್ ಕೂಡ ಬೇಡ. ಹಳದಿ ರಂಜಕ ಇರುವ ಪೇಸ್ಟ್ ಮಕ್ಕಳ ಬಾಯಿಗೆ ಹೋದರೆ ಒಂದೆರಡು ದಿನ ಏನೂ ಆಗದಂತೆ ಕಾಣಬಹುದು, ಅಷ್ಟರಲ್ಲಿ ಲಿವರ್ ಹಾಳಾಗುತ್ತಿರುತ್ತದೆ. ಬ್ರೋಮಾಡಿಯೋಲೋನ್ ಬಿಲ್ಲೆ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ಬಿಟ್ಟು, ಕೈಗೆ ಸಿಗದ ಸಂದಿಯಲ್ಲಿ ಸಾಯುತ್ತದೆ. ಮತ್ತೆ ಆ ವಾಸನೆಯೇ ಗತಿ. ವಿಷ ತಿಂದ ಇಲಿಯನ್ನು ತಿಂದರೆ ಬೆಕ್ಕಿಗೂ ಗೂಬೆಗೂ ವಿಷ. ಗೂಬೆ ಕೂತರೆ ಅಪಶಕುನ ಅಂತ ಓಡಿಸುತ್ತೇವೆ, ಆದರೆ ರಾತ್ರಿ ಇಲಿ ಹಿಡಿಯುವುದರಲ್ಲಿ ಅದರಷ್ಟು ಚುರುಕು ಬೆಕ್ಕೂ ಇಲ್ಲ.

ಯಾರಾದರೂ ವಿಷ ತಿಂದ ಅನುಮಾನ ಬಂದರೂ ಸಾಕು, 108ಕ್ಕೆ ಫೋನ್ ಮಾಡಿ. ಹಾಲು, ಎಣ್ಣೆ, ಉಪ್ಪುನೀರು ಕುಡಿಸಬೇಡಿ, ವಾಂತಿ ಮಾಡಿಸಬೇಡಿ. ಡಬ್ಬಿ ಅಥವಾ ಟ್ಯೂಬನ್ನು ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯಿರಿ. ಯಾವ ವಿಷ ಅಂತ ಗೊತ್ತಾದರೆ ಡಾಕ್ಟರಿಗೆ ಚಿಕಿತ್ಸೆ ಬೇಗ ಶುರು ಮಾಡಲು ಆಗುತ್ತದೆ.

ಸ್ವಚ್ಛ ಮಾಡುವಾಗ

ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಮಾಸ್ಕ್, ಕೈಗವಸು ಹಾಕಿ. ಒಂದು ಪಾಲು ಬ್ಲೀಚಿಂಗ್ ದ್ರಾವಣಕ್ಕೆ ಹತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಹತ್ತು ನಿಮಿಷ ಬಿಟ್ಟು ಹಳೇ ಬಟ್ಟೆಯಿಂದ ಒರೆಸಿ ತೆಗೆಯಿರಿ. ವೈರು ಇರುವ ಕಡೆ ಮೊದಲು ಮೇನ್ ಸ್ವಿಚ್ ಆರಿಸಿ. ಕಡಿದ ವೈರಿಗೆ ಟೇಪ್ ಸುತ್ತಿ ಸುಮ್ಮನಾಗಬೇಡಿ, ಬದಲಾಯಿಸಿ.

ಸತ್ತ ಇಲಿಯನ್ನು ಬರಿಗೈಲಿ ಮುಟ್ಟಬೇಡಿ. ಮೈ ತಣ್ಣಗಾದ ಮೇಲೆ ಅದರ ಚಿಗಟ ಬೇರೆ ಮೈ ಹುಡುಕುತ್ತದೆ. 1994ರಲ್ಲಿ ಸೂರತ್‌ನಲ್ಲೂ ನಮ್ಮ ನೆರೆಯ ಮರಾಠವಾಡದ ಬೀಡ್ ಜಿಲ್ಲೆಯಲ್ಲೂ ಪ್ಲೇಗ್ ಸುದ್ದಿ ಎದ್ದಾಗ ಬೀದರ್, ಕಲಬುರಗಿಯ ಹಿರಿಯರು ಎಷ್ಟು ಹೆದರಿದ್ದರು ಅಂತ ಕೇಳಿ ನೋಡಿ. ವಿಷ ಹಾಕದೇ ಇಲಿಗಳು ಸಾಲಾಗಿ ಸಾಯುತ್ತಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಿಳಿಸಿ. ಇಲಿ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಡಾಕ್ಟರ್ ಹತ್ತಿರ ಹೋಗಿ.

ವರ್ಷಕ್ಕೆ ಎರಡು ಸಲ

ಒಮ್ಮೆ ಮೇ ಕೊನೆಗೆ, ಮಳೆ ಹಿಡಿಯುವ ಮೊದಲು. ಇನ್ನೊಮ್ಮೆ ಎಳ್ಳ ಅಮಾವಾಸ್ಯೆಯ ಹೊತ್ತಿಗೆ. ಚರಗ ಚೆಲ್ಲಿ ಬಂದ ಮೇಲೆ ತೊಗರಿ ಕೊಯ್ಲು ಜೋರಾಗುತ್ತದೆ, ಹೊಲ ಖಾಲಿಯಾಗುತ್ತದೆ, ಕಾಳು ಮನೆಗೆ ಬರುತ್ತದೆ. ಅದರ ಹಿಂದೆಯೇ ಇಲಿಯೂ ಬರುತ್ತದೆ. ಚೀಲಗಳನ್ನು ಹಲಗೆ ಮೇಲೆ, ಗೋಡೆಯಿಂದ ಒಂದೂವರೆ ಅಡಿ ದೂರ ಇಡಿ. ಆ ಸಂದಿಯಲ್ಲಿ ನೀವು ನಡೆದು ನೋಡುವಂತಿರಬೇಕು.

ನಾನು ಈಗ ತಿಂಗಳಿಗೊಮ್ಮೆ ಒಂದು ಕೆಲಸ ಮಾಡುತ್ತೇನೆ. ರಾತ್ರಿ ಮಲಗುವ ಮುಂಚೆ ಸೀಲಿಂಗಿನ ಬಾಗಿಲು ತೆರೆದು ಜಂತಿ ಮೇಲೆ ಒಂದು ಗೇಣು ಉದ್ದಕ್ಕೆ ಜೋಳದ ಹಿಟ್ಟು ತೆಳ್ಳಗೆ ಉದುರಿಸುತ್ತೇನೆ. ಬೆಳಿಗ್ಗೆ ಬ್ಯಾಟರಿ ಹಾಕಿ ನೋಡುತ್ತೇನೆ. ಇಲಿ ಬಂದಿದ್ದರೆ ಮುಂಗಾಲಿನ ನಾಲ್ಕು ಬೆರಳು, ನಡುವೆ ಬಾಲ ಎಳೆದ ಗೆರೆ ಹಿಟ್ಟಿನ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಕಂಡರೆ ಅದೇ ದಿನ ಪೇಪರ್ ಮುದ್ದೆ ಹಿಡಿದು ತೂತು ಹುಡುಕಲು ಹೊರಡುತ್ತೇನೆ. ಕಾಣದಿದ್ದರೆ ಹಿಟ್ಟು ಒರೆಸಿ ಬಾಗಿಲು ಹಾಕುತ್ತೇನೆ.